ಕತ್ತೆಕಿರುಬ ನಾಯಿಯ ನೆಂಟನೇ?

ಮಕ್ಕಳೇ, ಕತ್ತೆಕಿರುಬದ ಚಿತ್ರ ನೋಡಿದ್ದೀರಾ? ಕಪ್ಪು ಮೂತಿ, ಮೈಮೇಲೆ ಪಟ್ಟೆ, ಕತ್ತಿನಿಂದ ಬೆನ್ನಿನವರೆಗೆ ನಿಮಿರುವ ಕೂದಲು. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ. ನೋಡಿದ ಕೂಡಲೇ ನಾಯಿಯ ನೆನಪಾಗುತ್ತದೆ. ಹಾಗಾದರೆ ಇದು ನಾಯಿಯ ಕುಲವೇ? ನಾಯಿಗೂ ಇದಕ್ಕೂ ಸೇರಿ ಮರಿ ಹುಟ್ಟಬಹುದೇ?

ಎರಡಕ್ಕೂ ಉತ್ತರ ‘ಇಲ್ಲ’. ಮಾಂಸಾಹಾರಿ ಸಸ್ತನಿಗಳಲ್ಲಿ ಎರಡು ದೊಡ್ಡ ಕವಲುಗಳಿವೆ. ನಾಯಿ, ತೋಳ, ನರಿ, ಕರಡಿ ಒಂದು ಕವಲು. ಬೆಕ್ಕು, ಹುಲಿ, ಚಿರತೆ, ಮುಂಗುಸಿ ಇನ್ನೊಂದು. ಕತ್ತೆಕಿರುಬ ಸೇರುವುದು ಈ ಎರಡನೆಯ ಕವಲಿಗೆ! ಈ ಕವಲುಗಳು ನಾಲ್ಕು ಕೋಟಿ ವರ್ಷಗಳಿಗೂ ಹಿಂದೆಯೇ ಬೇರೆಯಾದವು.

ತಂದೆ ತಾಯಿಯ ಗುಣಗಳನ್ನು ಮರಿಗೆ ಒಯ್ಯುವ ಎಳೆಗಳು ಜೀವಕೋಶದಲ್ಲಿವೆ. ಇವೇ ವರ್ಣತಂತುಗಳು. ನಾಯಿ ಮತ್ತು ತೋಳಗಳಲ್ಲಿ ಇವು 78, ಕತ್ತೆಕಿರುಬದಲ್ಲಿ 40. ಕುದುರೆ ಮತ್ತು ಕತ್ತೆ ಹತ್ತಿರದ ಬಂಧುಗಳಾದ್ದರಿಂದ ಅವುಗಳಿಗೆ ಹೇಸರಗತ್ತೆ ಹುಟ್ಟುತ್ತದೆ. ನಾಯಿ ಮತ್ತು ಕತ್ತೆಕಿರುಬ ತುಂಬಾ ದೂರದವು. ಅವುಗಳಿಗೆ ಮರಿ ಹುಟ್ಟದು.

ಮರಿ ಹಾಕುವ ರೀತಿಯಲ್ಲೂ ವ್ಯತ್ಯಾಸವಿದೆ. ಹಸು ಬೆದೆಗೆ ಬರುವುದನ್ನು ನೀವು ಬಲ್ಲಿರಿ. ನಮ್ಮ ಬೀದಿಗಳ ಹೆಣ್ಣು ನಾಯಿ ಹೆಚ್ಚಾಗಿ ಮಳೆಗಾಲದ ಕೊನೆಯಲ್ಲಿ ಬೆದೆಗೆ ಬಂದು ಚಳಿಗಾಲದಲ್ಲಿ ಮರಿ ಹಾಕುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮರಿ. ಕತ್ತೆಕಿರುಬಕ್ಕೆ ಇಂಥದೇ ಕಾಲ ಎಂಬುದಿಲ್ಲ. ಗರ್ಭದ ಅವಧಿ ಸುಮಾರು 90 ದಿನ. ಮರಿಗಳು ಸಾಮಾನ್ಯವಾಗಿ ಒಂದರಿಂದ ನಾಲ್ಕು.

ಎರಡರ ಮರಿಗಳೂ ಹುಟ್ಟುವಾಗ ಕಣ್ಣು ಮುಚ್ಚಿರುತ್ತವೆ. ಕತ್ತೆಕಿರುಬದ ಮರಿ ಒಂದು ವಾರದ ಹೊತ್ತಿಗೆ ಕಣ್ಣು ಬಿಟ್ಟರೆ, ನಾಯಿಮರಿ ಸುಮಾರು ಎರಡು ವಾರಕ್ಕೆ ಬಿಡುತ್ತದೆ. ಆಫ್ರಿಕಾದ ಚುಕ್ಕೆ ಕತ್ತೆಕಿರುಬ ಇನ್ನೂ ವಿಚಿತ್ರ. ಅದರ ಮರಿ ಕಣ್ಣು ತೆರೆದೇ ಹುಟ್ಟುತ್ತದೆ. ಅಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದು, ಹಿಂಡಿನ ಒಡತಿಯೂ ಅದೇ.

ಬಂಡೆಗಳ ಸಂದು, ಗುಹೆ, ಬಿಲಗಳಲ್ಲಿ ಕತ್ತೆಕಿರುಬ ಮರಿ ಹಾಕುತ್ತದೆ. ಮರಿಗಳು ತಿಂಗಳಿಗೆ ಮಾಂಸದ ರುಚಿ ನೋಡಿದರೂ ಮುಂದೆ ಹಲವು ತಿಂಗಳು ತಾಯಿಯ ಹಾಲು ಕುಡಿಯುತ್ತವೆ. ದೊಡ್ಡವು ಸತ್ತ ಪ್ರಾಣಿಗಳ ಮಾಂಸ, ಮೂಳೆಗಳನ್ನು ಬಿಲಕ್ಕೆ ಹೊತ್ತು ತರುತ್ತವೆ. ಮೂಳೆಯನ್ನೂ ಅರಗಿಸಿಕೊಳ್ಳುವುದರಿಂದ ಕತ್ತೆಕಿರುಬದ ಹಿಕ್ಕೆ ಒಣಗಿದಾಗ ಬೆಳ್ಳಗಿರುತ್ತದೆ.

ಈಗ ಒಂದು ಲೆಕ್ಕ. ಹೆಣ್ಣು ನಾಯಿ ವರ್ಷದೊಳಗೆ ಬೆಳೆದು ಮರಿ ಹಾಕಬಲ್ಲದು. ಮರಿಗಳಲ್ಲಿ ಬಹಳಷ್ಟು ಸತ್ತರೂ ಸಂಖ್ಯೆ ಬೇಗ ತುಂಬಿಕೊಳ್ಳುತ್ತದೆ. ಅದಕ್ಕೇ ನಾಯಿಗಳಿಗೆ ಸಂತಾನ ನಿಯಂತ್ರಣ ಶಸ್ತ್ರಚಿಕಿತ್ಸೆ ಮಾಡಿಸುವುದು. ಕತ್ತೆಕಿರುಬ ಬೆಳೆಯಲು ಎರಡು ಮೂರು ವರ್ಷ ಬೇಕು. ಸತ್ತ ದನದ ಮೈಗೆ ಯಾರಾದರೂ ವಿಷ ಹಾಕಿದರೆ ತಿಂದ ತಾಯಿಯೂ ಸಾಯುತ್ತದೆ, ಬಿಲದಲ್ಲಿ ಕಾಯುವ ಮರಿಗಳೂ ಹಸಿದು ಸಾಯುತ್ತವೆ. ಆ ನಷ್ಟ ಬೇಗ ತುಂಬುವುದಿಲ್ಲ. ಸತ್ತ ಪ್ರಾಣಿಗಳನ್ನು ತಿಂದು ಊರ ಸುತ್ತ ಶುಚಿಗೊಳಿಸುವ ಈ ಜೀವಿ ಇಂದು ಅಪರೂಪ. ಕರ್ನಾಟಕದಲ್ಲಿ ದರೋಜಿ ಕರಡಿಧಾಮದಂಥ ಕಲ್ಲುಗುಡ್ಡಗಳ ಕುರುಚಲು ಕಾಡಿನಲ್ಲಿ ಅದು ಉಳಿದಿದೆ.

ಹುಲಿಯೂರುದುರ್ಗದ ಬೆಟ್ಟದಲ್ಲಾಗಲಿ ಬೇರೆಲ್ಲಾಗಲಿ ಬಂಡೆಯ ಸಂದಿನಲ್ಲಿ ಕಾಡುಪ್ರಾಣಿಯ ಮರಿ ಕಂಡರೆ ಮುಟ್ಟಬೇಡಿ, ಹೊಗೆ ಹಾಕಬೇಡಿ, ಕಲ್ಲು ಮುಚ್ಚಬೇಡಿ. ಹಿರಿಯರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ. ಕತ್ತೆಕಿರುಬವನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಮಾಡಿ ನೋಡಿ: ಈ ಚಳಿಗಾಲದಲ್ಲಿ ನಿಮ್ಮ ಬೀದಿಯ ನಾಯಿ ಮರಿ ಹಾಕಿದರೆ ದೂರದಿಂದಲೇ ಗಮನಿಸಿ. ಎಷ್ಟು ಮರಿ, ಯಾವ ದಿನ ಕಣ್ಣು ಬಿಟ್ಟವು, ಪ್ರತಿ ವಾರ ಎಷ್ಟು ಉಳಿದವು ಎಂದು ಬರೆದಿಡಿ. ಮರಿ ಎತ್ತಿಕೊಳ್ಳಬೇಡಿ, ತಾಯಿ ಕಚ್ಚುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.