ನೂರಕ್ಕೆ ನೂರ ಎಂಬತ್ತು

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಫಿರಂಗಿಗಳ ಜೊತೆಗೆ ವಿದ್ವಾಂಸರ ತಂಡವನ್ನೂ ಕರೆದೊಯ್ದ. ಬ್ಲೀಚಿಂಗ್ ವಿಧಾನಕ್ಕೆ ಹೆಸರಾಗಿದ್ದ ಕ್ಲಾಡ್ ಲೂಯಿ ಬರ್ತೊಲೆ ಆ ತಂಡದಲ್ಲಿದ್ದ. ಅಲ್ಲಿನ ನೇಟ್ರಾನ್ ಸರೋವರಗಳ ಸುಣ್ಣಕಲ್ಲಿನ ದಂಡೆಯಲ್ಲಿ ಸೋಡಾ ರಾಶಿ ಬಿದ್ದಿತ್ತು. ಪ್ಯಾರಿಸ್ಸಿನ ಪ್ರಯೋಗಾಲಯದಲ್ಲಿ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಸುರಿದರೆ ಸುಣ್ಣಕಲ್ಲಿನ ಪುಡಿ ತಳಕ್ಕಿಳಿದು ಉಪ್ಪು ನೀರಿನಲ್ಲೇ ಉಳಿಯುತ್ತದೆ. ಇಲ್ಲಿ ನಡೆದದ್ದು ಅದರ ತಿರುಗುಮುರುಗು: ಸುಣ್ಣಕಲ್ಲೂ ಉಪ್ಪೂ ಸೇರಿ ಸೋಡಾ ಆಗಿತ್ತು. ಉಪ್ಪಿನ ಪ್ರಮಾಣ ಅಪಾರವಾಗಿದ್ದರಿಂದ ಕ್ರಿಯೆ ಹಿಮ್ಮುಖವಾಗಿದೆ ಎಂದು ಬರ್ತೊಲೆ ಊಹಿಸಿದ್ದು ಸರಿಯಾಗಿತ್ತು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಹೆಜ್ಜೆ ಮುಂದಿಟ್ಟ: ಬೆರೆಸುವ ಪ್ರಮಾಣ ಬದಲಾದರೆ ಹುಟ್ಟುವ ಸಂಯುಕ್ತದ ಸಂಯೋಜನೆಯೂ ಬದಲಾಗಬೇಕಲ್ಲವೇ?

ಜಗಳ ಶುರುವಾದದ್ದು ಇಲ್ಲಿ. ಎದುರಾಳಿ ಜೋಸೆಫ್ ಲೂಯಿ ಪ್ರೂಸ್ಟ್, ಫ್ರಾನ್ಸಿನ ಆಂಜೆ ಊರಿನ ಔಷಧಿ ಅಂಗಡಿಯವನ ಮಗ. 1784ರಲ್ಲಿ ವರ್ಸೇಲ್ಸ್‌ನಲ್ಲಿ ರಾಜನ ಕಣ್ಣೆದುರೇ ಬಿಸಿಗಾಳಿ ಬಲೂನು ಹತ್ತಿ ಹಾರಿದ್ದ ಧೈರ್ಯವಂತ. ಆಮೇಲೆ ಸ್ಪೇನಿಗೆ ಹೋಗಿ, ಸೆಗೋವಿಯಾದ ಫಿರಂಗಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ನನಗೆ ಇಷ್ಟವಾದ ಪಾತ್ರ ಇವನೇ.

ಪ್ರೂಸ್ಟ್ ಮಾಡಿದ ಕೆಲಸ ನೋಡಲು ಬಹಳ ಸಾದಾ. ತಾಮ್ರವನ್ನು ಆಮ್ಲದಲ್ಲಿ ಕರಗಿಸಿದರೆ ದ್ರಾವಣಕ್ಕೆ ನೀಲಿ ಬಣ್ಣ ಬರುತ್ತದೆ. ಅದಕ್ಕೆ ಸೋಡಾ ಹಾಕಿದರೆ ಹಸಿರು ಗಸಿ ಕೂರುತ್ತದೆ. ಅದನ್ನು ಸೋಸಿ, ತೊಳೆದು, ಒಣಗಿಸಿ ತೂಗಬೇಕು. ಗಂಧಕಾಮ್ಲ ಬಳಸಿದರೂ ನೈಟ್ರಿಕ್ ಆಮ್ಲ ಬಳಸಿದರೂ ನೂರು ಪಾಲು ತಾಮ್ರಕ್ಕೆ ಸಿಕ್ಕಿದ್ದು ನೂರ ಎಂಬತ್ತು ಪಾಲು ಹಸಿರು ಕಾರ್ಬೊನೇಟ್. ಗಣಿಯಿಂದ ಅಗೆದು ತೆಗೆದ ಕಾರ್ಬೊನೇಟಿನ ಲೆಕ್ಕವೂ ಅದೇ. ಭೂಮಿ ಮಾಡಿದ್ದಕ್ಕೂ ಮನುಷ್ಯ ಮಾಡಿದ್ದಕ್ಕೂ ವ್ಯತ್ಯಾಸವಿಲ್ಲ ಎಂದು ಅವನು 1799ರಲ್ಲಿ ಸಾರಿದ. ಇಂದಿನ ಲೆಕ್ಕದಲ್ಲಿ ಅದು ಸುಮಾರು 174. ಅಂಕಿ ಕೊಂಚ ಜಾಸ್ತಿಯಾದರೂ, ಒಂದು ಸಂಯುಕ್ತದಲ್ಲಿ ಧಾತುಗಳ ಪ್ರಮಾಣ ಬದಲಾಗದು ಎಂಬ ಅವನ ನಿಯಮಕ್ಕೆ ಧಕ್ಕೆಯಾಗಲಿಲ್ಲ.

ಬರ್ತೊಲೆ ಬಿಡಲಿಲ್ಲ. ಮಿಶ್ರಲೋಹ, ಗಾಜು, ಕಾಯಿಸಿದಂತೆಲ್ಲ ಬಣ್ಣ ಬದಲಿಸುವ ಲೋಹದ ಭಸ್ಮ, ಇವೆಲ್ಲದರ ಪ್ರಮಾಣ ಏರಿಳಿಯುವುದಿಲ್ಲವೇ ಎಂದು ಕೇಳಿದ. ಪ್ರೂಸ್ಟ್ ಒಂದೊಂದನ್ನೇ ಕೈಗೆತ್ತಿಕೊಂಡ. ತವರಕ್ಕೆ ಇರುವುದು ಎರಡೇ ಆಕ್ಸೈಡ್, ನೀವು ನೋಡಿದ್ದು ಅವೆರಡರ ಬೆರಕೆ ಎಂದ. ಬೇರ್ಪಡಿಸಲು ಬಂದರೆ ಮಿಶ್ರಣ, ಪ್ರಮಾಣ ಕದಲದಿದ್ದರೆ ಸಂಯುಕ್ತ. ಹೀಗೆ ಸುಮಾರು ಎಂಟು ವರ್ಷ ಪತ್ರಿಕೆಗಳಲ್ಲಿ ಇಬ್ಬರೂ ವಾದಿಸಿದರು, ಒಮ್ಮೆಯೂ ಮರ್ಯಾದೆ ಮೀರದೆ. 1808ರಲ್ಲಿ ಡಾಲ್ಟನ್ ತನ್ನ ಪರಮಾಣು ವಾದದ ಪುಸ್ತಕ ಹೊರತಂದಾಗ ಪ್ರೂಸ್ಟ್‌ನ ತಕ್ಕಡಿಗೆ ಕಾರಣ ಸಿಕ್ಕಿತು: ಪರಮಾಣುಗಳು ಇಡಿಯಾಗಿಯೇ ಕೂಡುತ್ತವೆ, ಅರ್ಧಂಬರ್ಧವಲ್ಲ.

ಸೋತವನೂ ಪೂರ್ತಿ ಸೋಲಲಿಲ್ಲ. ಪ್ರಮಾಣವೇ ಕ್ರಿಯೆಯ ದಿಕ್ಕನ್ನು ಬದಲಿಸುತ್ತದೆ ಎಂಬ ಅವನ ಮಾತನ್ನು 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಸೂತ್ರಕ್ಕಿಳಿಸಿದರು. ಇಪ್ಪತ್ತನೇ ಶತಮಾನದಲ್ಲಿ, ಕಬ್ಬಿಣದ ಒಂದು ಆಕ್ಸೈಡಿನಂತೆ ಪ್ರಮಾಣ ನಿಜಕ್ಕೂ ಏರಿಳಿಯುವ ಘನವಸ್ತುಗಳು ಸಿಕ್ಕವು. ಅಂಥವಕ್ಕೆ ಬರ್ತೊಲೆಯ ಹೆಸರನ್ನೇ ಇಟ್ಟರು.

ನಮ್ಮ ಶಾಲಾ ಪಾಠಗಳಲ್ಲಿ ಇದ್ಯಾವುದೂ ಇರಲಿಲ್ಲ. ನಿಯಮ, ಹೆಸರು, ನೀರಿನಲ್ಲಿ ಜಲಜನಕಕ್ಕೂ ಆಮ್ಲಜನಕಕ್ಕೂ ತೂಕದಲ್ಲಿ 1:8, ಎರಡು ಅಂಕ, ಅಷ್ಟೇ. ಮಿಶ್ರಣಕ್ಕೂ ಸಂಯುಕ್ತಕ್ಕೂ ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ಆ ಉತ್ತರವನ್ನು ಪ್ರೂಸ್ಟ್‌ನಿಂದ ಹಟ ಹಿಡಿದು ಹೊರಡಿಸಿದವನು ಬರ್ತೊಲೆ. ಅವನ ಹೆಸರು ಮಾತ್ರ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.