ಕಾರ್ಬನ್ ಬ್ಲೇಡ್ (ಟೇಬಲ್ ಟೆನ್ನಿಸ್)

ಟೇಬಲ್ ಟೆನ್ನಿಸ್ ಬ್ಯಾಟಿನಲ್ಲಿ ರಬ್ಬರನ್ನು ಅಂಟಿಸುವ ಮರದ ಹಲಗೆ ಹಾಗೂ ಅದರ ಹಿಡಿಕೆಯನ್ನು ಒಟ್ಟಾಗಿ ಬ್ಲೇಡ್ ಎನ್ನುತ್ತಾರೆ. ಮರದ ಪದರಗಳ ನಡುವೆ ಕಾರ್ಬನ್ ನಾರಿನ ತೆಳುವಾದ ಹಾಳೆಗಳನ್ನು ಸೇರಿಸಿ ತಯಾರಿಸಿದ ಬ್ಲೇಡೇ ಕಾರ್ಬನ್ ಬ್ಲೇಡ್. ಆಕ್ರಮಣಕಾರಿ ಆಟಗಾರರಲ್ಲಿ ಇದರ ಬಳಕೆ ಹೆಚ್ಚು.

ನಿಯಮಗಳು

ಅಂತರರಾಷ್ಟ್ರೀಯ ಟೇಬಲ್ ಟೆನ್ನಿಸ್ ಒಕ್ಕೂಟದ ನಿಯಮದಂತೆ ಬ್ಲೇಡಿನ ಗಾತ್ರ, ಆಕಾರ, ತೂಕಗಳಿಗೆ ಮಿತಿಯಿಲ್ಲ. ಆದರೆ ಅದು ಸಮತಟ್ಟಾಗಿಯೂ ಬಿಗಿಯಾಗಿಯೂ ಇರಬೇಕು ಮತ್ತು ದಪ್ಪದ ಕನಿಷ್ಠ ಶೇ. 85 ಭಾಗ ನೈಸರ್ಗಿಕ ಮರವಾಗಿರಬೇಕು. ನಾರು ಸೇರಿದ ಪ್ರತಿಯೊಂದು ಅಂಟಿನ ಪದರವು ಒಟ್ಟು ದಪ್ಪದ ಶೇ. 7.5 ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. 5.8 ಮಿ.ಮೀ. ದಪ್ಪದ ಬ್ಲೇಡಿನಲ್ಲಿ ಶೇ. 7.5 ಎಂದರೆ 0.435 ಮಿ.ಮೀ. ಆಗುವುದರಿಂದ ಅಲ್ಲಿ 0.35ರ ಮಿತಿಯೇ ಅನ್ವಯಿಸುತ್ತದೆ. ಹೀಗಾಗಿ ಕಾರ್ಬನ್ ಬ್ಲೇಡ್ ಎಂಬುದು ಮೂಲತಃ ಮರದ ಬ್ಲೇಡೇ.

ನಾರಿನ ಸ್ಥಾನ ಮತ್ತು ಪರಿಣಾಮ

ಕಾರ್ಬನ್ ನಾರು ಹಗುರವಾದರೂ ಸುಲಭವಾಗಿ ಬಾಗದು. ಚೆಂಡು ತಗಲಿದಾಗ ಹಲಗೆ ಕಡಿಮೆ ಬಾಗಿದರೆ ಚೆಂಡು ಬೇಗನೆ, ಹೆಚ್ಚು ವೇಗದಿಂದ ಚಿಮ್ಮುತ್ತದೆ. ನಡುಭಾಗದಿಂದ ತುಸು ಆಚೆ ಬಿದ್ದ ಹೊಡೆತವೂ ಅಷ್ಟಾಗಿ ಸೊರಗುವುದಿಲ್ಲ. ಆದರೆ ಚೆಂಡು ರಬ್ಬರಿನ ಮೇಲೆ ನಿಲ್ಲುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ. ಬಾಗುವ ಮರವು ಕೈಗೆ ಕೊಡುವ ಸ್ಪರ್ಶದ ಅರಿವು ಬಿಗಿಯಾದ ಹಲಗೆಯಲ್ಲಿ ಕುಂದುತ್ತದೆ. ವೇಗಕ್ಕೆ ತೆರಬೇಕಾದ ಬೆಲೆ ಇದು.

ಆಯ್ಕೆಯಲ್ಲಿ ಹೆಚ್ಚಿನವರು ಗಮನಿಸದೆ ಬಿಡುವ ಅಂಶವೆಂದರೆ ನಾರು ಯಾವ ಪದರದಲ್ಲಿದೆ ಎಂಬುದು. ಸಾಮಾನ್ಯ ರಚನೆಯಲ್ಲಿ ಐದು ಮರದ ಪದರಗಳು, ಎರಡು ನಾರಿನ ಪದರಗಳು ಇರುತ್ತವೆ. ಹೊರಮರದ ಕೆಳಗೇ ನಾರನ್ನಿಟ್ಟರೆ ಮೃದುವಾದ ಹೊಡೆತಕ್ಕೂ ಅದು ಸ್ಪಂದಿಸುತ್ತದೆ. ಜಪಾನಿನ ಬಟರ್‌ಫ್ಲೈ ಸಂಸ್ಥೆಯ ವಿಸ್ಕಾರಿಯಾ ಇಂಥದು. ಅದರ ಹೊರಪದರ ಕೋಟೋ ಎಂಬ ಗಟ್ಟಿಮರ. ಚೀನದ ಝಾಂಗ್ ಜಿಕೆ, ಫಾನ್ ಝೆಂಡಾಂಗ್ ಇದನ್ನು ಬಳಸಿ ಹೆಸರಾದವರು. ನಾರನ್ನು ನಡುಮರಕ್ಕೆ ಅಂಟಿಸಿಟ್ಟರೆ ಮೆಲ್ಲನೆಯ ಹೊಡೆತದಲ್ಲಿ ಬ್ಲೇಡ್ ಮರದಂತೆ ವರ್ತಿಸಿ, ಬಲವಾಗಿ ಬೀಸಿದಾಗ ಮಾತ್ರ ಕಾರ್ಬನ್ ತನ್ನ ಗುಣ ತೋರುತ್ತದೆ. ಬಟರ್‌ಫ್ಲೈನ ಇನ್ನರ್‌ಫೋರ್ಸ್ ಮಾಲಿಕೆ ಹಾಗೂ ಚೀನದ ಡಿಎಚ್‌ಎಸ್ ಸಂಸ್ಥೆಯ ಹರಿಕೇನ್ ಲಾಂಗ್ 5 ಈ ಬಗೆಯವು.

ನಾರಿನಲ್ಲಿಯೂ ಭೇದವಿದೆ. ಶುದ್ಧ ಕಾರ್ಬನ್ ಅತಿ ಬಿಗಿ. ಕಂಪನವನ್ನು ಹೀರಿಕೊಳ್ಳುವ ಆರಿಲೇಟ್ ನಾರನ್ನು ಕಾರ್ಬನ್ನಿನೊಡನೆ ನೇಯ್ದರೆ ಸ್ಪರ್ಶ ಮೃದುವಾಗುತ್ತದೆ, ವಿಸ್ಕಾರಿಯಾದಲ್ಲಿರುವುದು ಇದೇ. ಝೈಲಾನ್ ಬೆರೆಸಿದ ಕಾರ್ಬನ್ ಇದಕ್ಕಿಂತ ಹೆಚ್ಚು ವೇಗದ್ದು.

ಆಟಕ್ಕೆ ತಕ್ಕ ಆಯ್ಕೆ

ಆಕ್ರಮಣ ಎಂಬ ಒಂದೇ ಮಾತಿನಲ್ಲಿ ಹಲವು ಬಗೆಯ ಆಟಗಳು ಅಡಗಿವೆ. ಮೇಜಿನ ಬಳಿಯೇ ನಿಂತು, ಎದುರಾಳಿಯ ವೇಗವನ್ನೇ ತಿರುಗಿಸಿ ಕಳುಹಿಸುವವರಿಗೆ, ನೇರವಾಗಿ ಸ್ಮ್ಯಾಶ್ ಮಾಡುವವರಿಗೆ ಹೊರಪದರದ ಕಾರ್ಬನ್ ಒಗ್ಗುತ್ತದೆ. ಮೇಲ್ಮುಖವಾಗಿ ಬೀಸಿ ಚೆಂಡಿಗೆ ಮುಂದಿರುಗನ್ನು, ಅಂದರೆ ಟಾಪ್‌ಸ್ಪಿನ್ನನ್ನು, ತುಂಬುವವರಿಗೆ ಒಳಪದರದ ಕಾರ್ಬನ್ ಹೆಚ್ಚು ಅನುಕೂಲ. ಸರ್ವ್ ಸ್ವೀಕರಿಸುವಾಗ ಚೆಂಡನ್ನು ನೆಟ್ಟಿನ ಹತ್ತಿರವೇ ಗಿಡ್ಡವಾಗಿ ಇರಿಸುವುದು ಅತಿವೇಗದ ಬ್ಲೇಡಿನಲ್ಲಿ ಕಠಿಣ. ಅನೇಕರು ಅಂಕ ಕಳೆದುಕೊಳ್ಳುವುದು ಇಲ್ಲಿಯೇ, ಸ್ಮ್ಯಾಶ್‌ನಲ್ಲಲ್ಲ.

ಹೊಡೆತ ಇನ್ನೂ ಸ್ಥಿರವಾಗದ ಕಲಿಕೆಯವರಿಗೆ ಕಾರ್ಬನ್ ತಕ್ಕುದಲ್ಲ. ಚೆಂಡು ತಾನಾಗಿಯೇ ಓಡುವುದರಿಂದ ಅವರು ತೋಳನ್ನು ಪೂರ್ತಿ ಬೀಸದೆ ತಡೆದು ಹೊಡೆಯುವ ರೂಢಿಗೆ ಬೀಳುತ್ತಾರೆ, ಅನಂತರ ಅದನ್ನು ಬಿಡಿಸುವುದು ಪ್ರಯಾಸದ ಕೆಲಸ. ಅಂಥವರಿಗೆ ಐದು ಪದರಗಳ ಮರದ ಬ್ಲೇಡ್ ಮೇಲು. ಅದಕ್ಕಿಂತ ವೇಗ ಬೇಕೆನಿಸಿದಾಗ ಸ್ವೀಡನ್ನಿನ ಸ್ಟಿಗಾ ಕ್ಲಿಪ್ಪರ್‌ನಂತಹ ಏಳು ಮರಪದರಗಳ ಬ್ಲೇಡುಗಳೂ ಆಕ್ರಮಣಕ್ಕೆ ಸಮರ್ಥವಾಗಿವೆ. 2000ದಲ್ಲಿ ಚೆಂಡಿನ ವ್ಯಾಸವನ್ನು 38ರಿಂದ 40 ಮಿ.ಮೀ.ಗೆ ಏರಿಸಿದ್ದು, 2008ರಲ್ಲಿ ವೇಗವರ್ಧಕ ಅಂಟನ್ನು ನಿಷೇಧಿಸಿದ್ದು, 2014ರಿಂದ ಪ್ಲಾಸ್ಟಿಕ್ ಚೆಂಡು ಬಂದದ್ದು ಆಟದ ವೇಗವನ್ನೂ ತಿರುಗನ್ನೂ ತಗ್ಗಿಸಿದವು. ನುರಿತ ಆಟಗಾರರು ಕಾರ್ಬನ್ನಿನತ್ತ ಹೆಚ್ಚಾಗಿ ಹೊರಳಿದ್ದಕ್ಕೆ ಇದೂ ಒಂದು ಕಾರಣ.

ಬ್ಲೇಡಿನ ಮೇಲೆ ನಮೂದಿಸುವ ಆಫ್ ಮೈನಸ್, ಆಫ್, ಆಫ್ ಪ್ಲಸ್ ಮುಂತಾದ ವೇಗಸೂಚಿಗಳು ಆಯಾ ತಯಾರಕರ ಸ್ವಂತ ಅಳತೆಗಳು. ಒಬ್ಬರ ಆಫ್ ಇನ್ನೊಬ್ಬರ ಆಫ್ ಪ್ಲಸ್‌ಗೆ ಸಮನಾಗಿರಬಹುದು. ರಬ್ಬರನ್ನೂ ಜೊತೆಯಲ್ಲಿಯೇ ಯೋಚಿಸಬೇಕು. ಬಿಗಿಯಾದ ಬ್ಲೇಡಿಗೆ ಅತಿ ಚಿಮ್ಮುವ ರಬ್ಬರನ್ನು ಎರಡೂ ಬದಿಗೆ ಹಾಕಿದರೆ ಹತೋಟಿ ಕೈತಪ್ಪುತ್ತದೆ.

ತೂಕ ಮತ್ತು ಜೋಪಾನ

ಮರವು ಒಂದರಂತೆ ಒಂದಿರದ ಕಾರಣ ಒಂದೇ ಮಾದರಿಯ ಬ್ಲೇಡುಗಳಲ್ಲಿ ಹಲವು ಗ್ರಾಂಗಳ ವ್ಯತ್ಯಾಸ ಕಾಣುತ್ತದೆ. ಆಕ್ರಮಣದ ಬ್ಲೇಡುಗಳು ಸಾಮಾನ್ಯವಾಗಿ 85ರಿಂದ 90 ಗ್ರಾಂ ತೂಗುತ್ತವೆ. ರಬ್ಬರುಗಳು ಸೇರಿದಾಗ ಬ್ಯಾಟು 180 ಗ್ರಾಂ ದಾಟುವುದುಂಟು, ಮಣಿಕಟ್ಟು ದುರ್ಬಲವಿರುವವರು ಕೊಳ್ಳುವ ಮುನ್ನ ತೂಗಿಸಿ ನೋಡುವುದು ಲೇಸು. ಪ್ರಸಿದ್ಧ ಮಾದರಿಗಳ ನಕಲುಗಳು ಮಾರುಕಟ್ಟೆಯಲ್ಲಿರುವುದರಿಂದ ಬೆಲೆ ತೀರ ಅಗ್ಗವಾಗಿದ್ದರೆ ಶಂಕಿಸಬೇಕಾಗುತ್ತದೆ.

ರಬ್ಬರನ್ನು ಕೀಳುವಾಗ ಹೊರಮರದ ಎಳೆಗಳು ಅಂಟಿನೊಡನೆ ಎದ್ದುಬರುವ ಅಪಾಯವಿದೆ. ಮೊದಲ ಬಾರಿ ಅಂಟಿಸುವ ಮುನ್ನ ತೆಳುವಾಗಿ ವಾರ್ನಿಷ್ ಬಳಿದು ಒಣಗಿಸಿದರೆ, ಮತ್ತು ಕೀಳುವಾಗ ಮರದ ಎಳೆಯ ದಿಕ್ಕಿಗೆ ಅಡ್ಡವಾಗಿ ಎಳೆಯದೆ ನಿಧಾನವಾಗಿ ಬಿಡಿಸಿದರೆ ಇದನ್ನು ತಡೆಯಬಹುದು. ಮರವು ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿಯೂ ಕರಾವಳಿಯಲ್ಲಿಯೂ ಬ್ಯಾಟನ್ನು ಮುಚ್ಚಿದ ಚೀಲದಲ್ಲಿಡುತ್ತಾರೆ.