ಹುಸಿ ಜಿರಳೆ, ನಿಜವಾದ ಭಯ

ಜಿರಳೆಯನ್ನು ಕಂಡು ಮುಖ ಸಿಂಡರಿಸದವರು ವಿರಳ. ಆದರೆ ಅದು ಇದ್ದೀತೆಂಬ ಶಂಕೆಯಿಂದಲೇ ರಾತ್ರಿ ಅಡುಗೆಮನೆಯ ಹೊಸ್ತಿಲು ದಾಟಲಾರದವರೂ ಇದ್ದಾರೆ. ಈ ಭಯ ನಿಷ್ಕಾರಣವೆಂದು ಅವರಿಗೂ ಗೊತ್ತು. ಗೊತ್ತಿದ್ದರೂ ಎದೆಯ ಹೊಡೆತ ತಗ್ಗದು. ಇಂತಹ ಭೀತಿಯನ್ನು ವೈದ್ಯರು ‘ಫೋಬಿಯಾ’ ಎಂದು ಕರೆಯುತ್ತಾರೆ.

ಇದರ ಚಿಕಿತ್ಸೆಯ ಸೂತ್ರ ಹಳೆಯದು. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಅವರು 1924ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕನು ತನಗೆ ಪ್ರಿಯವಾದ ತಿನಿಸನ್ನು ತಿನ್ನುತ್ತಿದ್ದಾಗ, ಅವರು ಮೊಲವನ್ನು ಸ್ವಲ್ಪ ಸ್ವಲ್ಪವಾಗಿ ಸಮೀಪಕ್ಕೆ ತರುತ್ತಿದ್ದರು. ಕೊನೆಗೆ ಅವನು ಅದರ ಮೈದಡವತೊಡಗಿದನು. ಓಡಿಹೋದಷ್ಟೂ ಭಯ ಬಲಿಯುತ್ತದೆ. ನಿಂತು ನೋಡಿದರೆ, ತಾನು ಅಂಜಿದ್ದ ಅನಾಹುತವೇನೂ ಸಂಭವಿಸಲಿಲ್ಲವೆಂಬುದನ್ನು ಮನಸ್ಸು ಕಲಿಯುತ್ತದೆ. ಆದರೆ ಜಿರಳೆ ಮೊಲದಂತೆ ಹಿಡಿದಲ್ಲಿ ನಿಲ್ಲುವ ಪ್ರಾಣಿಯಲ್ಲ. ವೈದ್ಯರ ಅಪ್ಪಣೆಯನ್ನಂತೂ ಕೇಳುವುದೇ ಇಲ್ಲ. ನಿಜವಾದ ಜಿರಳೆಯನ್ನು ತರುವೆವೆಂದೊಡನೆ ಚಿಕಿತ್ಸೆಯೇ ಬೇಡವೆನ್ನುವ ರೋಗಿಗಳೂ ಉಂಟು.

2005ರಲ್ಲಿ ಸ್ಪೇನ್ ದೇಶದ ಸಂಶೋಧಕರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಅದರ ಹೆಸರು ‘ವರ್ಧಿತ ವಾಸ್ತವ’. ರೋಗಿಯ ಕಣ್ಣಿನ ಮುಂದೆ ಪುಟ್ಟ ಪರದೆ, ಅದಕ್ಕೆ ಹೊಂದಿಕೊಂಡು ಒಂದು ಕ್ಯಾಮೆರಾ. ಪರದೆಯಲ್ಲಿ ಅವನಿಗೆ ಕಾಣುವುದು ಎದುರಿನ ಮೇಜೇ, ಅವನ ಕೈಯೇ. ಮೇಜಿನ ಮೇಲೆ ಕಪ್ಪುಬಿಳುಪು ಗುರುತುಳ್ಳ ಒಂದು ಚೌಕವಿರುತ್ತದೆ. ಆ ಚೌಕ ಎಷ್ಟು ದೂರದಲ್ಲಿದೆ, ಯಾವ ಓರೆಯಲ್ಲಿದೆ ಎಂಬುದನ್ನು ಗಣಕಯಂತ್ರವು ಕ್ಷಣಕ್ಷಣಕ್ಕೂ ಲೆಕ್ಕಹಾಕಿ, ಅದೇ ಸ್ಥಳದಲ್ಲಿ ಜಿರಳೆಯ ಚಿತ್ರವನ್ನು ಮೂಡಿಸುತ್ತದೆ. ಕೈ ನಿಜ, ಮೇಜು ನಿಜ. ಜಿರಳೆಯೊಂದು ಮಾತ್ರ ಹುಸಿ. ಅದು ಒಂದೇ ಇರಬೇಕೇ ಹತ್ತಾಗಬೇಕೇ, ಸುಮ್ಮನಿರಬೇಕೇ ಹರಿದಾಡಬೇಕೇ ಎಂಬುದೆಲ್ಲ ಚಿಕಿತ್ಸಕರ ಕೈಯಲ್ಲಿದೆ. ರೋಗಿಯು ಮೊದಲು ದೂರದಿಂದ ನೋಡಿ, ಆಮೇಲೆ ಅದರ ಬಳಿ ಕೈಯಿಟ್ಟು, ಕಟ್ಟಕಡೆಗೆ ಅದನ್ನು ಹೊಡೆದುಹಾಕುತ್ತಾನೆ.

ಚಿತ್ರಕ್ಕೆ ಯಾರು ಹೆದರುತ್ತಾರೆ ಎಂದು ನೀವು ಕೇಳಬಹುದು. ಭಯವು ಬುದ್ಧಿಯ ಮಾತನ್ನು ಕೇಳುವಂತಿದ್ದರೆ ಈ ರೋಗವೇ ಬರುತ್ತಿರಲಿಲ್ಲ! ರೋಗಿಗಳು ನಿಜವಾಗಿಯೇ ಹೆದರಿದರು. ಹೆದರಿದ್ದರಿಂದಲೇ ಚಿಕಿತ್ಸೆ ಸಾಧ್ಯವಾಯಿತು. ಚೌಕ ಕಂಡೊಡನೆ ಜಿರಳೆ ಬರುವುದೆಂದು ರೋಗಿ ಮೊದಲೇ ಊಹಿಸುತ್ತಿದ್ದುದು ಮಾತ್ರ ಒಂದು ಕೊರತೆ. ಮುಂದೆ ಅದನ್ನು ಬರಿಗಣ್ಣಿಗೆ ಕಾಣದ ಶಾಯಿಯಲ್ಲಿ ಬರೆದು, ಅತಿರಕ್ತ ಕಿರಣಗಳನ್ನು ಗ್ರಹಿಸುವ ಕ್ಯಾಮೆರಾದಿಂದ ಗುರುತಿಸಲಾಯಿತು.

ಹುಸಿ ಜಿರಳೆಯನ್ನು ಗೆದ್ದವನು ನಿಜವಾದುದನ್ನು ಗೆದ್ದಾನೆಯೇ? ಕ್ರಿಸ್ಟಿನಾ ಬೊಟೆಲಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಜಿರಳೆ, ಜೇಡ ಮೊದಲಾದವುಗಳಿಗೆ ಅಂಜುವ 63 ಮಂದಿ ಇದ್ದರು. ಕೆಲವರಿಗೆ ನಿಜವಾದ ಪ್ರಾಣಿ, ಉಳಿದವರಿಗೆ ಹುಸಿ. ಚಿಕಿತ್ಸೆ ಮುಗಿದೊಡನೆ, ನಿಜವಾದ ಪ್ರಾಣಿಯನ್ನು ಎದುರಿಸಿದವರೇ ಕೆಲವು ಅಳತೆಗಳಲ್ಲಿ ಮುಂದಿದ್ದರು. 3 ತಿಂಗಳ ಮತ್ತು 6 ತಿಂಗಳ ತರುವಾಯ ನೋಡಿದಾಗ ಆ ಅಂತರ ಉಳಿದಿರಲಿಲ್ಲ.